ದೊಡ್ಡ ಸಂಖ್ಯೆ ಕೊಟ್ಟರೆ ಅದರ ಗುಣಗಳನ್ನು ಕಂಡುಹಿಡಿಯುವುದು ಹೇಗೆ? 1234567890 ಇಟ್ಟುಕೊಂಡು ಹಂತ ಹಂತವಾಗಿ

ಹತ್ತು ಅಂಕಿಯ ಒಂದು ಸಂಖ್ಯೆ ಕೊಟ್ಟು "ಇದರ ಗುಣಗಳನ್ನೆಲ್ಲ ಬರೆಯಿರಿ" ಅಂದರೆ ಹೆಚ್ಚಿನವರು ಸೀದಾ ಭಾಜಕಗಳನ್ನು ಎಣಿಸಲು ಕೂರುತ್ತಾರೆ. ಪುಟ ತುಂಬುತ್ತದೆ, ಉತ್ತರ ಬರುವುದಿಲ್ಲ. ಮೈಸೂರಿನಲ್ಲಿ ನನ್ನ ಹತ್ತಿರ ಟ್ಯೂಷನ್‌ಗೆ ಬರುವವರಲ್ಲಿ, ಮಂಡ್ಯದಿಂದ ಬೆಳಗಿನ ರೈಲು ಹಿಡಿದು ಬರುವ ಮಕ್ಕಳೂ ಸೇರಿ, ಗುಣಾಕಾರ ಭಾಗಾಕಾರ ಬಾರದವರು ಯಾರೂ ಇಲ್ಲ. ಎಡವುವುದೆಲ್ಲ ಕ್ರಮದಲ್ಲಿ. ಮೊದಲು ಮಾಡಬೇಕಾದ್ದನ್ನು ಕೊನೆಗೆ ಮಾಡುತ್ತಾರೆ, ನಿಲ್ಲಿಸಬಾರದ ಕಡೆ ನಿಲ್ಲಿಸುತ್ತಾರೆ.

ಕ್ರಮ ಇಷ್ಟೇ. ಮೊದಲು ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಪೂರ್ತಿ ಒಡೆಯಬೇಕು. ಒಡೆದದ್ದು ಪೂರ್ತಿಯಾಗಿದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಮಾತ್ರ ಬೇರೆ ಗುಣಗಳಿಗೆ ಕೈ ಹಾಕಬೇಕು. ಭಾಜಕಗಳು ಎಷ್ಟು, ಅವುಗಳ ಮೊತ್ತ ಎಷ್ಟು, ಎರಡು ವರ್ಗಗಳ ಮೊತ್ತವಾಗುತ್ತದೆಯೇ ಎಂಬ ಪ್ರಶ್ನೆಗಳೆಲ್ಲ ಆಗ ಐದೈದು ನಿಮಿಷದ ಕೆಲಸ. ಒಡೆಯುವುದರಲ್ಲಿ ಒಂದು ತಪ್ಪಾದರೆ ಕೆಳಗಿನದೆಲ್ಲ ತಪ್ಪು.

ಉದಾಹರಣೆಗೆ 1234567890 ತೆಗೆದುಕೊಳ್ಳೋಣ. ನೋಡಲು ಸುಲಭ, ಬಿಡಿಸಲು ಅಷ್ಟು ಸುಲಭವಲ್ಲ.

ಬೇಕಾಗುವ ಸಾಮಾನು

ಗೆರೆ ಇಲ್ಲದ ಹಾಳೆ, ಪೆನ್ನು, 12 ಅಂಕಿ ತೋರಿಸುವ ಸಾದಾ ಕ್ಯಾಲ್ಕುಲೇಟರ್. ಕಿರಾಣಿ ಅಂಗಡಿಯ ಗಲ್ಲಾ ಪಕ್ಕ ಇರುತ್ತದಲ್ಲ, ಅಂಥದ್ದೇ ಸಾಕು. 8 ಅಂಕಿಯದು ಬೇಡ, ಅದರಲ್ಲಿ ನಮ್ಮ ಸಂಖ್ಯೆಯೇ ಹಿಡಿಸುವುದಿಲ್ಲ.

100ರೊಳಗಿನ 25 ಅವಿಭಾಜ್ಯ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬಾಯಿಪಾಠ ಇದೆ ಅನ್ನುವವರೂ ಬರೆದಿಟ್ಟುಕೊಳ್ಳಿ. 51 (3 × 17), 57 (3 × 19), 87 (3 × 29), 91 (7 × 13) ಇವು ಅವಿಭಾಜ್ಯದ ಹಾಗೆ ಕಾಣುತ್ತವೆ, ಆದರೆ ಅಲ್ಲ. ಚೀಟಿಯಲ್ಲಿ ಇವು ನುಸುಳಿದರೆ ಸುಮ್ನೆ ಸಮಯ ಹಾಳು.

ಕಂಪ್ಯೂಟರ್ ಅಥವಾ ಫೋನಿನಲ್ಲಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಇದ್ದರೆ ಒಳ್ಳೆಯದು. ಆದರೆ ಅದು ಕೊನೆಯ ತಾಳೆಗೆ. ಮೊದಲೇ ಅದಕ್ಕೆ ಕೈ ಹಾಕಿದರೆ ಉತ್ತರ ತಪ್ಪಾಗಿ ಬಂದದ್ದೂ ಗೊತ್ತಾಗುವುದಿಲ್ಲ.

ಹಂತ 1: ಸಂಖ್ಯೆಯನ್ನು ಎರಡು ರೀತಿ ಬರೆದುಕೊಳ್ಳಿ

ಒಂದು, ಲಕ್ಷ-ಕೋಟಿ ಲೆಕ್ಕದಲ್ಲಿ: 1,23,45,67,890. ಅಂದರೆ 123 ಕೋಟಿ 45 ಲಕ್ಷ 67 ಸಾವಿರದ 890. ಇದು ಓದುವುದಕ್ಕೆ.

ಎರಡು, ಬಲದಿಂದ ಮೂರು ಮೂರು ಅಂಕಿ ಬಿಡಿಸಿ: 1 | 234 | 567 | 890. ಇದು ಲೆಕ್ಕಕ್ಕೆ. ಯಾಕೆ ಅನ್ನುವುದು ಮೂರನೇ ಹಂತದಲ್ಲಿ ಗೊತ್ತಾಗುತ್ತದೆ. ಅಂಕಿಗಳನ್ನು ಎಣಿಸಿ ಪಕ್ಕದಲ್ಲಿ ಬರೆಯಿರಿ: 10. ನಕಲು ಮಾಡುವಾಗ ಒಂದು ಅಂಕಿ ಬಿಟ್ಟುಹೋಗುವುದು ಎಲ್ಲ ತಪ್ಪುಗಳಿಗಿಂತ ಜಾಸ್ತಿ ಆಗುವ ತಪ್ಪು.

ಹಂತ 2: 2, 5, 3 ತೆಗೆಯಿರಿ, ಹೋಗುವಷ್ಟು ಸಲ ತೆಗೆಯಿರಿ

ಕೊನೆಯ ಅಂಕಿ 0. ಹಾಗಾಗಿ 2ರಿಂದಲೂ 5ರಿಂದಲೂ ಭಾಗವಾಗುತ್ತದೆ. 10 ತೆಗೆದರೆ ಉಳಿದದ್ದು 123456789. ಇದು ಬೆಸ ಸಂಖ್ಯೆ, ಕೊನೆಗೆ 9 ಇದೆ. 2 ಮತ್ತು 5ರ ಕಥೆ ಅಲ್ಲಿಗೆ ಮುಗಿಯಿತು.

ಈಗ ಅಂಕಿಗಳ ಮೊತ್ತ: 1ರಿಂದ 9ರವರೆಗೆ ಕೂಡಿದರೆ 45. ಇದು 9ರ ಗುಣಕ, ಆದ್ದರಿಂದ 123456789 ಕೂಡ 9ರಿಂದ ಭಾಗವಾಗುತ್ತದೆ. ಭಾಗಿಸಿದರೆ 13717421.

ಇಲ್ಲಿ ಬಹಳ ಜನ 3ರಿಂದ ಒಂದೇ ಸಲ ಭಾಗಿಸಿ, 41152263 ಬರೆದುಕೊಂಡು 7ಕ್ಕೆ ಹೋಗಿಬಿಡುತ್ತಾರೆ. ಕಬ್ಬನ್ನು ಗಾಣಕ್ಕೆ ಒಂದು ಸಲ ಕೊಟ್ಟು ಸಿಪ್ಪೆ ಎಸೆದ ಹಾಗೆ. ಇನ್ನೊಂದು ಸಲ ಕೊಟ್ಟರೆ ಇನ್ನೂ ರಸ ಇದೆ. ಅದೇ ಅವಿಭಾಜ್ಯದಿಂದ ಇನ್ನು ಹೋಗುವುದೇ ಇಲ್ಲ ಅನ್ನುವವರೆಗೆ ಭಾಗಿಸುತ್ತಲೇ ಇರಬೇಕು. ನಮ್ಮ ಸಂಖ್ಯೆಗೆ ಬಂದರೆ, 13717421ರ ಅಂಕಿಗಳ ಮೊತ್ತ 1+3+7+1+7+4+2+1 = 26. 3ರಿಂದ ಹೋಗುವುದಿಲ್ಲ. ಸರಿ, ಮುಂದಕ್ಕೆ.

ಹಾಳೆಯ ಮೇಲೆ ಈಗ ಇರಬೇಕಾದ್ದು:

1234567890 = 2 × 3² × 5 × 13717421

ಹಂತ 3: 7, 11, 13 ಮೂರನ್ನೂ ಒಂದೇ ಸಲ ನೋಡಿ

7 × 11 × 13 = 1001. ಇದರಿಂದ ಒಳ್ಳೆಯ ಉಪಾಯ ಒಂದು ಸಿಗುತ್ತದೆ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಯ ಗುಂಪು ಮಾಡಿ. ಬಲಗಡೆಯ ಗುಂಪಿನಿಂದ ಶುರು ಮಾಡಿ ಒಂದು ಬಿಟ್ಟು ಒಂದನ್ನು ಕೂಡಿ, ಕಳೆಯಿರಿ. ಬಂದ ಉತ್ತರ 7ರಿಂದ ಭಾಗವಾದರೆ ಇಡೀ ಸಂಖ್ಯೆ 7ರಿಂದ ಭಾಗವಾಗುತ್ತದೆ. 11 ಮತ್ತು 13ಕ್ಕೂ ಹಾಗೆಯೇ.

13 | 717 | 421 ಅಂದರೆ 421 − 717 + 13 = −283.

283 ಈ ಮೂರರಲ್ಲಿ ಯಾವುದರಿಂದಲೂ ಭಾಗವಾಗುವುದಿಲ್ಲ. ಮೂರೂ ಒಂದೇ ಏಟಿಗೆ ಆಚೆ.

ಎಚ್ಚರಿಕೆ ಬೇಕಾದ ಜಾಗ ಇದು. ನಮ್ಮ ಲಕ್ಷ-ಕೋಟಿಯ ಕಾಮಾ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 1,37,17,421 ಅಂತ ಬರೆದುಕೊಂಡು ಆ ಕಾಮಾಗಳನ್ನೇ ಗುಂಪು ಅಂದುಕೊಂಡರೆ 421 − 17 + 37 − 1 = 440 ಬರುತ್ತದೆ. 440 ಅಂದರೆ 11 × 40. ತಕ್ಷಣ ಹಿಂದಿನ ಬೆಂಚಿನಿಂದ "ಸಾರ್, 11ರಲ್ಲಿ ಹೋಯ್ತದೆ ಸಾರ್" ಅಂತ ಮಂಡ್ಯದ ಧ್ವನಿ. "ಎಷ್ಟು ಸಲ ಹೋಯ್ತಪ್ಪಾ, ಭಾಗಿಸಿ ತೋರ್ಸು" ಅಂದರೆ 1247038 ಸಲ ಹೋಗಿ 3 ಉಳಿಯುತ್ತದೆ. ಉಪಾಯ ಏನೇ ಹೇಳಲಿ, ಭಾಗವಾಗುತ್ತದೆ ಅಂತ ಕಂಡ ಮೇಲೆ ನಿಜವಾಗಿ ಭಾಗಿಸಿ ನೋಡದೆ ಹಾಳೆಯ ಮೇಲೆ ಬರೆಯಬೇಡಿ.

ಹಂತ 4: ಗಡಿ ಗೊತ್ತುಮಾಡಿಕೊಂಡು ಮುಂದಿನ ಅವಿಭಾಜ್ಯಗಳಿಂದ ಭಾಗಿಸಿ

ಎಲ್ಲಿಯವರೆಗೆ ಭಾಗಿಸುತ್ತಾ ಹೋಗಬೇಕು? ಉಳಿದ ಸಂಖ್ಯೆಯ ವರ್ಗಮೂಲದವರೆಗೆ. ಒಂದು ಸಂಖ್ಯೆ ಎರಡು ಅಪವರ್ತನಗಳಾಗಿ ಒಡೆದರೆ ಎರಡೂ ವರ್ಗಮೂಲಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ, ಅಲ್ವಾ? ಸಣ್ಣದು ಗಡಿಯ ಒಳಗೇ ಸಿಗಬೇಕು.

"ಉಳಿದ ಸಂಖ್ಯೆಯ" ಅನ್ನುವುದನ್ನು ಗಮನಿಸಿ. ಮೂಲ ಸಂಖ್ಯೆ 1234567890ರ ವರ್ಗಮೂಲ ಸುಮಾರು 35136. 90 ತೆಗೆದ ಮೇಲೆ ಉಳಿದ 13717421ರ ವರ್ಗಮೂಲ ಸುಮಾರು 3703.7. ಗಡಿ 35136ರಿಂದ 3703ಕ್ಕೆ ಇಳಿಯಿತು. ಪ್ರತಿ ಸಲ ಒಂದು ಅಪವರ್ತನ ಸಿಕ್ಕಾಗಲೂ ಗಡಿಯನ್ನು ಹೊಸದಾಗಿ ಲೆಕ್ಕ ಹಾಕಿ. ಹಳೆಯ ಗಡಿ ಇಟ್ಟುಕೊಂಡು ಬೇಡದ ಭಾಗಾಕಾರ ಮಾಡಿ ಸುಸ್ತಾಗುವವರು ಬೇಕಾದಷ್ಟು ಜನ.

ಸಾದಾ ಕ್ಯಾಲ್ಕುಲೇಟರ್‌ನಲ್ಲಿ ಶೇಷ ತೆಗೆಯುವುದು ಹೀಗೆ. 13717421 ÷ 17 ಒತ್ತಿ. 806907.1176 ಅಂತ ಬರುತ್ತದೆ. ಅದರಿಂದ 806907 ಕಳೆಯಿರಿ. ಉಳಿದ 0.1176ನ್ನು 17ರಿಂದ ಗುಣಿಸಿ. 2ಕ್ಕೆ ತೀರಾ ಹತ್ತಿರದ ಉತ್ತರ ಬರುತ್ತದೆ. ಶೇಷ 2. ಭಾಗವಾಗುವುದಿಲ್ಲ.

ಚೀಟಿ ಹಿಡಿದು 97ರವರೆಗೆ ಹೀಗೆ ಹೋಗಿ. ನಮ್ಮ ಸಂಖ್ಯೆಗೆ ಒಂದೂ ಸಿಗುವುದಿಲ್ಲ.

ಈ ಹಂತ ಚೆನ್ನಾಗಿ ಕೆಲಸ ಮಾಡುವುದನ್ನು ನೋಡಬೇಕಾದರೆ ಮಂಡ್ಯದ ಪಿನ್‌ಕೋಡ್ 571401 ತೆಗೆದುಕೊಳ್ಳಿ. 3ರಿಂದ ಮೂರು ಸಲ ಭಾಗವಾಗಿ 21163 ಉಳಿಯುತ್ತದೆ. ಇದರ ವರ್ಗಮೂಲ ಸುಮಾರು 145.5. ಅಷ್ಟರೊಳಗೆ ಇರುವ ಅವಿಭಾಜ್ಯಗಳು 34, ಕೊನೆಯದು 139. ಮಂಡ್ಯದಲ್ಲಿ ರೈಲು ಹತ್ತಿ ಶುರು ಮಾಡಿದರೆ ಮೈಸೂರು ಬರುವಷ್ಟರಲ್ಲಿ ಆರಾಮವಾಗಿ ಮುಗಿಯುತ್ತದೆ. ಯಾವುದರಿಂದಲೂ ಭಾಗವಾಗುವುದಿಲ್ಲ. ಆದ್ದರಿಂದ 21163 ಅವಿಭಾಜ್ಯ, 571401 = 3³ × 21163. ಹುಡುಗರು 97ಕ್ಕೆ ಚೀಟಿ ಮುಗಿಯಿತು ಅಂತ ನಿಲ್ಲಿಸಿ "ಅವಿಭಾಜ್ಯ" ಅಂತ ಬರೆಯುತ್ತಾರೆ. ಇಲ್ಲಿ ಉತ್ತರ ಸರಿ ಬಂತು, ಆದರೆ ಅದು ಅದೃಷ್ಟ. 101ರಿಂದ 139ರವರೆಗಿನ ಒಂಬತ್ತು ಅವಿಭಾಜ್ಯಗಳನ್ನು ನೋಡದೆ ಹಾಗೆ ಬರೆಯುವ ಹಕ್ಕು ಯಾರಿಗೂ ಇಲ್ಲ.

ಹಂತ 5: ಸಣ್ಣದು ಸಿಗದಿದ್ದರೆ ವರ್ಗಮೂಲದ ಕಡೆಯಿಂದ ಬನ್ನಿ

13717421ಕ್ಕೆ ಹಿಂತಿರುಗೋಣ. ಗಡಿ 3703. ಇದೇ ದಾರಿಯಲ್ಲಿ ಮುಂದುವರಿದರೆ ಐನೂರಕ್ಕಿಂತ ಜಾಸ್ತಿ ಭಾಗಾಕಾರ ಮಾಡಬೇಕು. ಕೈಬಿಟ್ಟು ಏಳುವವರು ಸಾಮಾನ್ಯವಾಗಿ ಇಲ್ಲೇ ಏಳುತ್ತಾರೆ. ಏಳಬೇಡಿ.

ಫ್ರಾನ್ಸಿನ ಗಣಿತಜ್ಞ ಫರ್ಮಾ ಹೇಳಿಕೊಟ್ಟ ವಿಧಾನ ಒಂದಿದೆ. ಬೆಸ ಸಂಖ್ಯೆ ಎರಡು ಅಪವರ್ತನಗಳಾಗಿ ಒಡೆದರೆ ಅದನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಬಹುದು. ಉಲ್ಟಾ ಮಾಡಿದರೆ, ವರ್ಗಗಳ ವ್ಯತ್ಯಾಸ ಸಿಕ್ಕರೆ ಅಪವರ್ತನ ಸಿಕ್ಕಿತು. ಮಾಡುವುದು ಹೀಗೆ:

1. ವರ್ಗಮೂಲಕ್ಕಿಂತ ಸ್ವಲ್ಪ ದೊಡ್ಡ ಪೂರ್ಣಾಂಕ ತೆಗೆದುಕೊಳ್ಳಿ. ಇಲ್ಲಿ 3704.

2. ಅದರ ವರ್ಗದಿಂದ ನಮ್ಮ ಸಂಖ್ಯೆಯನ್ನು ಕಳೆಯಿರಿ. 3704² = 13719616. ಕಳೆದರೆ 2195.

3. ಉಳಿದದ್ದು ಪೂರ್ಣ ವರ್ಗವೇ ನೋಡಿ. 5ರಲ್ಲಿ ಮುಗಿಯುವ ಪೂರ್ಣ ವರ್ಗ 25ರಲ್ಲೇ ಮುಗಿಯಬೇಕು. 2195 ಮುಗಿಯುವುದು 95ರಲ್ಲಿ. ಅಲ್ಲ.

4. ಒಂದು ಹೆಚ್ಚಿಸಿ ಮತ್ತೆ ಮಾಡಿ. 3705² = 13727025. ಕಳೆದರೆ 9604. ಇದು 98².

ಸಿಕ್ಕಿತು. 13717421 = 3705² − 98² = (3705 − 98) × (3705 + 98) = 3607 × 3803.

ಎರಡೇ ಪ್ರಯತ್ನ. ಭಾಗಿಸುತ್ತಲೇ ಹೋಗಿದ್ದರೆ 3607 ಸಿಗುವ ಹೊತ್ತಿಗೆ ಏನಾಗುತ್ತಿತ್ತು ಅಂತ ಯೋಚಿಸಿ. 500ನೇ ಅವಿಭಾಜ್ಯ ಸಂಖ್ಯೆ 3571. 3607 ಅದಾದ ಮೇಲೆ ನಾಲ್ಕನೆಯದು.

ಪ್ರತಿ ಸಲವೂ ಇಷ್ಟು ಬೇಗ ಸಿಗುತ್ತದೆ ಅಂದುಕೊಳ್ಳಬೇಡಿ. ಎರಡು ಅಪವರ್ತನಗಳೂ ಒಂದಕ್ಕೊಂದು ಹತ್ತಿರ ಇದ್ದರೆ ಮಾತ್ರ ಈ ವಿಧಾನ ಓಡುತ್ತದೆ. ಒಂದು ತೀರಾ ಸಣ್ಣದು, ಇನ್ನೊಂದು ತೀರಾ ದೊಡ್ಡದು ಆದರೆ ತೆವಳುತ್ತದೆ. ಹಾಗಾಗಿಯೇ ನಾಲ್ಕನೇ ಹಂತದಲ್ಲಿ ಸಣ್ಣವನ್ನೆಲ್ಲ ಮೊದಲೇ ನೋಡಿದ್ದು. ನನ್ನ ಲೆಕ್ಕದಲ್ಲಿ, ಚೀಟಿ ಮುಗಿದ ಮೇಲೆ ಹದಿನೈದು ಇಪ್ಪತ್ತು ಸಲ ಫರ್ಮಾ ವಿಧಾನ ಮಾಡಿ, ಆಗಲೂ ಸಿಗದಿದ್ದರೆ ಕಂಪ್ಯೂಟರ್ ಮುಂದೆ ಕೂರುವುದೇ ಸರಿ. ಹಠ ಬೇಡ.

ಪೂರ್ಣ ವರ್ಗ ಹೌದೋ ಅಲ್ಲವೋ ಬೇಗ ನೋಡಲು: 2, 3, 7, 8ರಲ್ಲಿ ಮುಗಿಯುವ ಸಂಖ್ಯೆ ಎಂದೂ ಪೂರ್ಣ ವರ್ಗವಲ್ಲ. ಅಷ್ಟಕ್ಕೇ ಬಹಳಷ್ಟು ಆಚೆ ಹೋಗುತ್ತವೆ.

ಹಂತ 6: ಸಿಕ್ಕ ತುಂಡುಗಳನ್ನು ಮತ್ತೆ ಒಡೆಯಲು ನೋಡಿ

3607, 3803 ಸಿಕ್ಕಿದ ಖುಷಿಯಲ್ಲಿ ಇವು ಅವಿಭಾಜ್ಯವೇ ಅಂತ ನೋಡುವುದನ್ನೇ ಮರೆಯುತ್ತಾರೆ. ಫರ್ಮಾ ವಿಧಾನ ಕೊಡುವುದು ಅಪವರ್ತನಗಳನ್ನು, ಅವು ಅವಿಭಾಜ್ಯವೇ ಆಗಿರಬೇಕೆಂದಿಲ್ಲ.

3607ರ ವರ್ಗಮೂಲ 60ಕ್ಕಿಂತ ಸ್ವಲ್ಪ ಜಾಸ್ತಿ. 59ರವರೆಗೆ ನೋಡಿದರೆ ಸಾಕು. 3803ರ ವರ್ಗಮೂಲ ಸುಮಾರು 61.7, ಹಾಗಾಗಿ 61ನ್ನೂ ಸೇರಿಸಿ ನೋಡಬೇಕು. ಈ ಒಂದು 61ನ್ನು ಬಿಡುವವರು ಜಾಸ್ತಿ. ಎರಡೂ ಸಂಖ್ಯೆಗಳು ಯಾವುದರಿಂದಲೂ ಭಾಗವಾಗುವುದಿಲ್ಲ. ಎರಡೂ ಅವಿಭಾಜ್ಯ.

ಕೊನೆಗೆ 9ರ ತಾಳೆ. ಅಂಕಿಗಳನ್ನು ಒಂದೇ ಅಂಕಿ ಉಳಿಯುವವರೆಗೆ ಕೂಡುವುದು. 3607 ಕೊಡುವುದು 16, ಅಂದರೆ 7. 3803 ಕೊಡುವುದು 14, ಅಂದರೆ 5. 7 × 5 = 35, ಅಂದರೆ 8. ಆ ಕಡೆ 13717421 ಕೊಟ್ಟದ್ದು 26, ಅಂದರೆ 8. ತಾಳೆ ಆಯಿತು. ಆದರೆ ಇದು ತಪ್ಪನ್ನು ಹಿಡಿಯುವ ಪರೀಕ್ಷೆ, ಸರಿ ಅಂತ ಸಾಧಿಸುವ ಪರೀಕ್ಷೆ ಅಲ್ಲ. ಎರಡು ಅಂಕಿ ಅದಲುಬದಲಾದರೆ ಇದಕ್ಕೆ ಗೊತ್ತಾಗುವುದೇ ಇಲ್ಲ. ಒಂದು ಸಲ ಪೂರ್ತಿ ಗುಣಿಸಿಯೂ ನೋಡಿ.

1234567890 = 2 × 3² × 5 × 3607 × 3803

ಈ ಸಾಲಿನ ಸುತ್ತ ಒಂದು ಚೌಕ ಹಾಕಿ. ಇನ್ನು ಮುಂದಿನದೆಲ್ಲ ಈ ಸಾಲಿನಿಂದಲೇ.

ಹಂತ 7: ಭಾಜಕಗಳ ಲೆಕ್ಕ

ಭಾಜಕಗಳ ಸಂಖ್ಯೆ: ಪ್ರತಿ ಅವಿಭಾಜ್ಯದ ಘಾತಕ್ಕೆ 1 ಕೂಡಿ, ಎಲ್ಲವನ್ನೂ ಗುಣಿಸಿ. ಘಾತಗಳು 1, 2, 1, 1, 1. ಕೂಡಿದರೆ 2, 3, 2, 2, 2. ಗುಣಲಬ್ಧ 48. ಘಾತ ಬರೆಯದೆ ಬಿಟ್ಟ ಕಡೆ ಅದು 1 ಅಂತ ನೆನಪಿರಲಿ. ಅದನ್ನು 0 ಅಂದುಕೊಂಡರೆ ಉತ್ತರ 3 ಅಂತ ಬಂದು ಕೂರುತ್ತದೆ.

ಸಂಖ್ಯೆ ದೊಡ್ಡದಾದರೆ ಭಾಜಕ ಜಾಸ್ತಿ ಅನ್ನುವ ನಂಬಿಕೆ ಇದ್ದರೆ ಬಿಟ್ಟುಬಿಡಿ. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಅಂತ ನಮ್ಮ ಕಡೆ ಮಳೆಗಾಲದಲ್ಲಿ ಪೇಪರ್ ಓದುವ ಎಲ್ಲರಿಗೂ ಗೊತ್ತು. ಚುಕ್ಕಿ ತೆಗೆದರೆ 12480. ಅದು 2⁶ × 3 × 5 × 13. ಭಾಜಕಗಳು 7 × 2 × 2 × 2 = 56. ಐದೇ ಅಂಕಿಯ ಸಂಖ್ಯೆಗೆ ನಮ್ಮ ಹತ್ತು ಅಂಕಿಯದಕ್ಕಿಂತ ಎಂಟು ಭಾಜಕ ಜಾಸ್ತಿ. ಮೈಸೂರಿನ ಪಿನ್‌ಕೋಡ್ 570001ಕ್ಕಂತೂ ಎರಡೇ, ಅದು ಅವಿಭಾಜ್ಯ. ನಂಬಿಕೆ ಬರದಿದ್ದರೆ 751ರವರೆಗಿನ 133 ಅವಿಭಾಜ್ಯಗಳಿಂದ ಭಾಗಿಸಿ ನೋಡಿ.

ಭಾಜಕಗಳ ಮೊತ್ತ: ಪ್ರತಿ ಅವಿಭಾಜ್ಯಕ್ಕೂ 1ರಿಂದ ಹಿಡಿದು ಅದರ ಅತಿ ದೊಡ್ಡ ಘಾತದವರೆಗೆ ಕೂಡಿ, ಆಮೇಲೆ ಗುಣಿಸಿ.

2ಕ್ಕೆ 1 + 2 = 3. 3²ಕ್ಕೆ 1 + 3 + 9 = 13. 5ಕ್ಕೆ 6. ಉಳಿದ ಎರಡಕ್ಕೆ 3608, 3804.

3 × 13 × 6 × 3608 × 3804 = 3211610688.

ತಪ್ಪು ಆಗುವುದು 13ರ ಜಾಗದಲ್ಲಿ. 1 + 9 = 10 ಅಂತ ಬರೆಯುತ್ತಾರೆ, ನಡುವಿನ 3 ಬಿಟ್ಟುಹೋಗುತ್ತದೆ.

ಈ ಮೊತ್ತದಲ್ಲಿ ಸಂಖ್ಯೆಯೂ ಸೇರಿದೆ. ಅದನ್ನು ಕಳೆದರೆ 1977042798. ಇದು ಮೂಲ ಸಂಖ್ಯೆಗಿಂತ ದೊಡ್ಡದು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗಿಂತ ಜಾಸ್ತಿ ಇರುವ ಸಂಖ್ಯೆಗಳ ಗುಂಪಿಗೆ ಇದು ಸೇರುತ್ತದೆ. ಸಮವಾಗಿದ್ದರೆ ಪರಿಪೂರ್ಣ ಸಂಖ್ಯೆ ಅನ್ನುತ್ತಿದ್ದೆವು, 6 ಮತ್ತು 28ರ ಹಾಗೆ. ಕಳೆಯುವುದನ್ನು ಮರೆತು ಹೋಲಿಸಿದರೆ 1ಕ್ಕಿಂತ ದೊಡ್ಡ ಎಲ್ಲ ಸಂಖ್ಯೆಯೂ ಈ ಗುಂಪಿಗೇ ಸೇರಿದ ಹಾಗೆ ಕಾಣುತ್ತದೆ.

ಗಣಿತಜ್ಞ ಆಯ್ಲರನ ಫೈ: 1ರಿಂದ ಈ ಸಂಖ್ಯೆಯವರೆಗೆ ಇದರ ಜೊತೆ 1 ಬಿಟ್ಟು ಬೇರೆ ಯಾವ ಅಪವರ್ತನವನ್ನೂ ಹಂಚಿಕೊಳ್ಳದ ಸಂಖ್ಯೆಗಳು ಎಷ್ಟು ಅನ್ನುವ ಎಣಿಕೆ. ಒಂಟಿ ಅವಿಭಾಜ್ಯಕ್ಕೆ ಒಂದು ಕಳೆಯಿರಿ: 2ಕ್ಕೆ 1, 5ಕ್ಕೆ 4, ಉಳಿದವಕ್ಕೆ 3606, 3802. 3²ಕ್ಕೆ ಮಾತ್ರ 9 − 3 = 6, 8 ಅಲ್ಲ. ಗುಣಿಸಿದರೆ 1 × 6 × 4 × 3606 × 3802 = 329040288. 2ಕ್ಕಿಂತ ದೊಡ್ಡ ಯಾವ ಸಂಖ್ಯೆಗೂ ಫೈ ಬೆಸ ಬರುವುದಿಲ್ಲ. ಬೆಸ ಬಂದರೆ ಎಲ್ಲೋ ಕೈ ತಪ್ಪಿದೆ.

ಹಂತ 8: ವರ್ಗ, ತ್ರಿಕೋನ ಇತ್ಯಾದಿ ಪ್ರಶ್ನೆಗಳು

ಇಲ್ಲಿ ಲೆಕ್ಕ ಕಡಿಮೆ, ನೋಡುವ ಕಣ್ಣು ಬೇಕು.

ಪೂರ್ಣ ವರ್ಗವೇ? ಅಲ್ಲ. ಘಾತಗಳೆಲ್ಲ ಸರಿ ಸಂಖ್ಯೆ ಆಗಿರಬೇಕಿತ್ತು. ಭಾಜಕಗಳ ಎಣಿಕೆಯೂ ಬೆಸ ಆಗಿರಬೇಕಿತ್ತು.

ಎರಡು ವರ್ಗಗಳ ಮೊತ್ತವೇ? 4ರಿಂದ ಭಾಗಿಸಿದಾಗ 3 ಉಳಿಯುವ ಅವಿಭಾಜ್ಯಗಳನ್ನು ಗುರುತು ಮಾಡಿ. ಅವುಗಳ ಘಾತ ಸರಿ ಸಂಖ್ಯೆಯಾಗಿದ್ದರೆ ಮಾತ್ರ ಸಾಧ್ಯ. ನಮ್ಮಲ್ಲಿ 3, 3607, 3803 ಮೂರೂ ಅಂಥವೇ. 3ರ ಘಾತ 2, ತೊಂದರೆ ಇಲ್ಲ. ಉಳಿದೆರಡರ ಘಾತ 1. ಹಾಗಾಗಿ ಸಾಧ್ಯವಿಲ್ಲ. 570001ರ ಕಥೆ ಬೇರೆ. ಅದು ಅವಿಭಾಜ್ಯ, 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಅಂಥದ್ದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಒಂದೇ ಒಂದು ದಾರಿ ಇದ್ದೇ ಇರುತ್ತದೆ: 624² + 425² = 389376 + 180625 = 570001.

ಎರಡು ವರ್ಗಗಳ ವ್ಯತ್ಯಾಸವೇ? 4ರಿಂದ ಭಾಗಿಸಿದಾಗ 2 ಉಳಿದರೆ ಸಾಧ್ಯವಿಲ್ಲ. ಕೊನೆಯ ಎರಡು ಅಂಕಿ 90, ಶೇಷ 2. ಆದ್ದರಿಂದ ಇಲ್ಲ. ಐದನೇ ಹಂತದಲ್ಲಿ ಫರ್ಮಾ ವಿಧಾನವನ್ನು ಮೂಲ ಸಂಖ್ಯೆಯ ಮೇಲೆ ಮಾಡದೆ, 2 ತೆಗೆದು ಬೆಸ ಮಾಡಿಕೊಂಡ ಮೇಲೆ ಮಾಡಿದ್ದಕ್ಕೆ ಇದೇ ಕಾರಣ. ಹಾಗೇ ಮಾಡಿದ್ದರೆ ಬೆಳಗಿನವರೆಗೆ ಕೂತರೂ ಪೂರ್ಣ ವರ್ಗ ಸಿಗುತ್ತಿರಲಿಲ್ಲ.

ತ್ರಿಕೋನ ಸಂಖ್ಯೆಯೇ, ಅಂದರೆ 1 + 2 + 3 ಹೀಗೆ ಸಾಲಾಗಿ ಕೂಡುತ್ತಾ ಹೋದಾಗ ಸಿಗುವ ಸಂಖ್ಯೆಯೇ? 8ರಿಂದ ಗುಣಿಸಿ 1 ಕೂಡಿ, ಪೂರ್ಣ ವರ್ಗ ಬಂದರೆ ಹೌದು. ಇಲ್ಲಿ ಬರುವುದು 9876543121. ನೋಡಲು ಏನೋ ಇದೆ ಅನ್ನಿಸುತ್ತದೆ, ಆದರೆ 99380² ಮತ್ತು 99381² ನಡುವೆ ಬಿದ್ದಿದೆ. ಅಲ್ಲ.

ಹರ್ಷದ ಸಂಖ್ಯೆಯೇ? ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಗೆ ಮಹಾರಾಷ್ಟ್ರದ ದೇವಳಾಲಿಯ ಶಾಲಾ ಮೇಷ್ಟರು ಡಿ. ಆರ್. ಕಾಪ್ರೇಕರ್ ಇಟ್ಟ ಹೆಸರು ಅದು. 45ರಿಂದ ಭಾಗಿಸಿದರೆ 27434842. ಹೌದು, ಹರ್ಷದ.

ದ್ವಿಮಾನದಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸಿ ಬರೆದರೆ 1001001100101100000001011010010. ಒಟ್ಟು 31 ಅಂಕಿ, ಅದರಲ್ಲಿ 1 ಇರುವುದು 12 ಕಡೆ. ಕೊನೆಯ ಅಂಕಿ 0 ಇರಲೇಬೇಕು, ಸಂಖ್ಯೆ ಸರಿ ಸಂಖ್ಯೆಯಲ್ಲವೇ.

ಹಂತ 9: ಕಂಪ್ಯೂಟರ್‌ನಲ್ಲಿ ತಾಳೆ ನೋಡಿ, ಹುಷಾರಾಗಿ

ಲಿನಕ್ಸ್ ಇದ್ದರೆ ಫ್ಯಾಕ್ಟರ್ ಅನ್ನುವ ಕಮಾಂಡ್ ಕೊಟ್ಟು ಮುಂದೆ ಸಂಖ್ಯೆ ಬರೆದರೆ ಸಾಕು, ಅಪವರ್ತನಗಳು ಸಾಲಾಗಿ ಬರುತ್ತವೆ. ಪೈಥಾನ್‌ನಲ್ಲಿ ನೀವೇ ಬರೆಯುವುದಾದರೆ ಭಾಗಾಕಾರಕ್ಕೆ ಒಂಟಿ ಓರೆಗೆರೆ ಬಳಸಬೇಡಿ, ಜೋಡಿ ಓರೆಗೆರೆ // ಬಳಸಿ. ಒಂಟಿ ಗೆರೆ ದಶಮಾಂಶ ಸಂಖ್ಯೆ ಕೊಡುತ್ತದೆ. 2⁵³ ಅಂದರೆ 9007199254740992 ದಾಟಿದ ಮೇಲೆ ಅದು ಎಲ್ಲ ಪೂರ್ಣಾಂಕಗಳನ್ನೂ ನಿಖರವಾಗಿ ಹಿಡಿಯುವುದಿಲ್ಲ. ತಪ್ಪು ಅಂತ ಯಾವ ಸಂದೇಶವೂ ಬರುವುದಿಲ್ಲ, ಸುಮ್ಮನೆ ತಪ್ಪು ಉತ್ತರ ಬರುತ್ತದೆ. ಎಕ್ಸೆಲ್ ಇನ್ನೂ ಕಷ್ಟ. ಅದು 15 ಅಂಕಿ ಮಾತ್ರ ಇಟ್ಟುಕೊಂಡು ಉಳಿದ ಕಡೆ ಸೊನ್ನೆ ಹಾಕುತ್ತದೆ. 1234567890123456 ಟೈಪ್ ಮಾಡಿದರೆ ಕೊನೆಯ 6 ಮಾಯವಾಗಿ 0 ಆಗಿರುತ್ತದೆ.

ಒಡೆಯುವ ಮೊದಲೇ "ಇದು ಒಡೆಯುವ ಸಂಖ್ಯೆಯೇ" ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಬೆಸ ಸಂಖ್ಯೆಯನ್ನು ತೆಗೆದುಕೊಂಡು, ಅದಕ್ಕಿಂತ ಒಂದು ಕಡಿಮೆ ಸಲ 2ನ್ನು ಗುಣಿಸಿ, ಆ ಸಂಖ್ಯೆಯಿಂದ ಭಾಗಿಸಿದಾಗ ಶೇಷ ಎಷ್ಟು ನೋಡುವುದು. ಪೈಥಾನ್‌ನ ಪವ್ ಫಂಕ್ಷನ್‌ಗೆ 2, 570000, 570001 ಅಂತ ಮೂರು ಸಂಖ್ಯೆ ಕೊಟ್ಟರೆ 1 ಬರುತ್ತದೆ. 13717421ಕ್ಕೆ ಹೀಗೇ ಮಾಡಿದರೆ 1 ಬರುವುದಿಲ್ಲ. ಅಂದರೆ ಅದು ಖಂಡಿತ ಒಡೆಯುತ್ತದೆ, ಅಪವರ್ತನ ಇನ್ನೂ ಗೊತ್ತಿಲ್ಲದಿದ್ದರೂ. ಆದರೆ 1 ಬಂದ ಮಾತ್ರಕ್ಕೆ ಅವಿಭಾಜ್ಯ ಅಂತ ತೀರ್ಮಾನಿಸಬೇಡಿ. 341ಕ್ಕೂ 1 ಬರುತ್ತದೆ, ಅದು 11 × 31. ಇಲ್ಲ ಅನ್ನುವಾಗ ಮಾತ್ರ ಈ ಪರೀಕ್ಷೆಯ ಮಾತು ಪೂರ್ತಿ ನಂಬಬಹುದು.

ಎಲ್ಲೋ ತಪ್ಪಿದೆ ಅಂತ ಗೊತ್ತಾಗುವುದು ಹೇಗೆ

ಕ್ಯಾಲ್ಕುಲೇಟರ್ ತೆರೆಯಲ್ಲಿ ಅಂಕಿಗಳ ನಡುವೆ ಇಂಗ್ಲಿಷ್ ಅಕ್ಷರ ಕಂಡರೆ ನಿಲ್ಲಿಸಿ. ಸಂಖ್ಯೆ ಹಿಡಿಸದೆ ಕೊನೆಯ ಅಂಕಿಗಳು ಹೋಗಿವೆ, ಅಥವಾ ಲೆಕ್ಕವೇ ಕೆಟ್ಟಿದೆ.

ಭಾಜಕಗಳ ಎಣಿಕೆ ಬೆಸ ಬಂದು, ಸಂಖ್ಯೆ ಪೂರ್ಣ ವರ್ಗ ಅಲ್ಲದಿದ್ದರೆ ಘಾತ ಬರೆಯುವಾಗ ತಪ್ಪಾಗಿದೆ.

ದೊಡ್ಡ ತುಂಡಿನ ಪಕ್ಕ "ಅವಿಭಾಜ್ಯ" ಅಂತ ಬರೆದಿದ್ದು, ಎಲ್ಲಿಯವರೆಗೆ ನೋಡಿದಿರಿ ಅಂತ ಬರೆದಿಲ್ಲದಿದ್ದರೆ ಅದನ್ನು ನಂಬಬೇಡಿ, ನಿಮ್ಮದೇ ಕೈಬರಹವಾದರೂ. ಗಡಿಯನ್ನು ಪಕ್ಕದಲ್ಲೇ ಬರೆಯುವ ಅಭ್ಯಾಸ ಇಟ್ಟುಕೊಳ್ಳಿ: "21163, 139ರವರೆಗೆ ನೋಡಿದೆ".

ನೀವೇ ಮಾಡಿ ನೋಡಲು

571401ಕ್ಕೆ ಏಳನೇ ಮತ್ತು ಎಂಟನೇ ಹಂತಗಳನ್ನು ಪೂರ್ತಿ ಮಾಡಿ. ಕೆಳಗಿನ ಉತ್ತರಗಳನ್ನು ಕೈಯಿಂದ ಮುಚ್ಚಿಕೊಂಡು ಮಾಡಿದರೆ ಒಳ್ಳೆಯದು.

ಭಾಜಕಗಳು 8: 1, 3, 9, 27, 21163, 63489, 190467, 571401. ಅವುಗಳ ಮೊತ್ತ 40 × 21164 = 846560. ಸಂಖ್ಯೆಯನ್ನು ಕಳೆದರೆ 275159, ಅಂದರೆ ಮೂಲ ಸಂಖ್ಯೆಗಿಂತ ಕಡಿಮೆ. ಫೈ 18 × 21162 = 380916. ಅಂಕಿಗಳ ಮೊತ್ತ 18, ಸಂಖ್ಯೆ ಬೆಸ, ಹಾಗಾಗಿ ಹರ್ಷದ ಅಲ್ಲ. 3ರ ಘಾತ ಬೆಸ ಇರುವುದರಿಂದ ಎರಡು ವರ್ಗಗಳ ಮೊತ್ತವೂ ಅಲ್ಲ. ವ್ಯತ್ಯಾಸ ಮಾತ್ರ ಆಗುತ್ತದೆ, ಒಂದು 10595² − 10568². ಇನ್ನೂ ಮೂರು ರೀತಿ ಇವೆ. ಭಾಜಕಗಳನ್ನು ಎರಡೆರಡು ಜೋಡಿ ಮಾಡಿದರೆ ಒಂದೊಂದು ಜೋಡಿಗೂ ಒಂದೊಂದು ಸಿಗುತ್ತದೆ.